ಕರಿ ಅಕ್ರೋಟಿನ ಕೈಯಲ್ಲಿ ಪದವೀಧರನ ಮತ

ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಚುನಾವಣೆ ಬಂತು! ಡಿಗ್ರಿ ಇದ್ದವರಿಗಷ್ಟೇ ಅಲ್ಲಿ ಮತ. ಹಗಲು ಕಾರ್ಖಾನೆ, ಸಂಜೆ ಕಾಲೇಜು ಅಂತ ಒದ್ದಾಡಿ ಬಿ.ಕಾಂ. ಗಿಟ್ಟಿಸಿದ ನಾನು ನಮ್ಮ ವಂಶಕ್ಕೇ ಮೊದಲ ಪದವೀಧರ. ಪಟ್ಟಿಗೆ ಹೆಸರು ಸೇರಿದ ದಿನವೇ ಬಿಳಿ ಷರಟಿಗೆ ಇಸ್ತ್ರಿ ಹಾಕಿಸಿಟ್ಟಿದ್ದೆ.

ಅಷ್ಟರಲ್ಲಿ ಪಾದದ ಮೇಲೆ ಹುಳುಕಡ್ಡಿ ಎದ್ದಿತು.

"ಹಲಸೂರಲ್ಲಿ ಚರ್ಮದ ಡಾಕ್ಟ್ರಿದಾರೆ, ತೋರಿಸ್ಕೊಳ್ರೀ," ಎಂದಳು ಹೆಂಡತಿ ಸುಧಾ.

"ಓದಿದವನು ಕಣೇ ನಾನು! ಓದೇ ಗುಣ ಮಾಡ್ಕೊಳ್ತೀನಿ."

ಓದಿದೆ. ಅಮೆರಿಕದಲ್ಲಿ ಕರಿ ಅಕ್ರೋಟು ಎಂಬ ಮರವಿದೆ; ಅದರ ಕಾಯಿಯ ಹೊರಸಿಪ್ಪೆ ಹುಳುಕಡ್ಡಿಗೆ ರಾಮಬಾಣವಂತೆ! ಪುಡಿ ತರಿಸಿ, ಮತದಾನದ ಹಿಂದಿನ ದಿನ ಕಲಸಿ, ಎರಡೂ ಕೈಯಿಂದ ಪಾದಕ್ಕೆ ತಿಕ್ಕಿ, ಹಾಗೇ ಕ್ರಿಕೆಟ್ ನೋಡುತ್ತ ಕುಳಿತೆ.

ಮ್ಯಾಚ್ ಮುಗಿಯಿತು. ಕೈ ಕಪ್ಪಾಗಿತ್ತು! ಸೋಪು, ನಿಂಬೆಹಣ್ಣು, ಪಾತ್ರೆ ತಿಕ್ಕುವ ನಾರು... ಚರ್ಮ ಕದಲಿತು, ಬಣ್ಣ ಕದಲಲಿಲ್ಲ.

ಸುಧಾ ಡಬ್ಬಿಯ ಹಿಂಬದಿ ಓದಿದಳು. "ಗಾಢ ಕಲೆ ಹಿಡಿಯುತ್ತದೆ. ಉರಿ ಬರಬಹುದು. ಅಕ್ರೋಟು ಒಗ್ಗದವರು ಮುಟ್ಟಬಾರದು. ಕಾಯಿಲೆ ವಾಸಿಮಾಡುತ್ತದೆಂದು ಸಾಬೀತಾಗಿಲ್ಲ. ಇಷ್ಟೂ ಬರ್ದಿದಾರಲ್ರೀ!"

"ಸಣ್ಣ ಅಕ್ಷರ ಕಣೇ."

ಬೆಳಿಗ್ಗೆ ಮತಗಟ್ಟೆಯಲ್ಲಿ ಶಾಯಿ ಹಚ್ಚುವ ಮೇಡಂ ನನ್ನ ಕೈ ನೋಡಿ ಬೆಚ್ಚಿದರು. "ಎಷ್ಟು ಸಲ ವೋಟ್ ಹಾಕಿದೀರ್ರೀ?"

"ಹುಟ್ಟಿದಾಗಿಂದ ಇದೇ ಮೊದ್ಲು, ಮೇಡಂ! ಇದು ಅಕ್ರೋಟು!"

ಅಭ್ಯರ್ಥಿಗಳ ಏಜೆಂಟರು ಪಕ್ಷಭೇದ ಮರೆತು ಒಕ್ಕೊರಲಿನಿಂದ ಆಕ್ಷೇಪಿಸಿದರು. ಕೈಗೆ ಬಂದ ಮತ ಬಾಯಿಗಿಲ್ಲವಾಗುವ ಗಳಿಗೆ! ತಡಮಾಡದೆ ಚಪ್ಪಲಿ ಬಿಚ್ಚಿ, ಕಪ್ಪಾದ ಪಾದವನ್ನು ಸಭೆಯ ಮುಂದೆ ಮಂಡಿಸಿದೆ.

"ಕಾಲಲ್ಲೂ ಇದೆ ನೋಡಿ! ಕಾಲಿಗೆ ಯಾರಾದ್ರೂ ಶಾಯಿ ಹಚ್ತಾರಾ?"

ಮತಗಟ್ಟೆಯ ಅಧಿಕಾರಿ ಪಟ್ಟಿ ನೋಡಿದರು. ನನ್ನ ಹೆಸರಿಗೆ ಗುರುತು ಬಿದ್ದಿರಲಿಲ್ಲ. "ಮೊದ್ಲು ಕಾಲು ಇಳಿಸಿ. ಹೋಗಿ, ವೋಟ್ ಹಾಕಿ." ಮೇಡಂ ಕಪ್ಪಿನ ಮೇಲೆಯೇ ಕಪ್ಪು ಹಚ್ಚಿದರು. ಗೆದ್ದೆ!

ಹೊರಗೆ ಪಕ್ಕದ ಮನೆಯ ಮುನಿರಾಜಣ್ಣ ಸಿಕ್ಕರು. "ಹಾಕ್ದ್ಯಾ ಗುರು?"

"ಹಾಕ್ದೆ ಅಣ್ಣಾ! ಹೆಸರಿನ ಮುಂದೆ ಇಷ್ಟುದ್ದ ರೈಟ್ ಮಾರ್ಕು!"

"ರೈಟ್ ಮಾರ್ಕಾ? ಈ ಎಲೆಕ್ಷನ್ನಲ್ಲಿ ಮೊದಲ ಆಯ್ಕೆಗೆ ಒಂದು ಅಂತ ಅಂಕಿ ಬರೀಬೇಕಿತ್ತಲ್ಲೋ! ಗೋಡೆ ಮೇಲೆ ಅಂಟಿಸಿದ್ರಲ್ಲ. ನಿನ್ ವೋಟು ಅಸಿಂಧು, ಹೋಗು."

ಸಂಜೆ ತೆಪ್ಪಗೆ ಹಲಸೂರಿಗೆ ಹೋದೆ. ಡಾಕ್ಟರು ಕೈ ನೋಡಿದರು, ಕಾಲು ನೋಡಿದರು, ನನ್ನ ಮುಖ ನೋಡಿದರು. "ಏನ್ ಓದಿದೀರಾ?"

ಸುಧಾ ಪಕ್ಕದಲ್ಲೇ ಕುಳಿತಿದ್ದಳು.

"ಎಸ್ಸೆಸ್ಸೆಲ್ಸಿ ಸಾರ್," ಎಂದೆ.