ಅರಮನೆಯಲ್ಲೊಂದು ಸೋದರ ಸಂಬಂಧ

ಗಂಡನನ್ನು ಪರಿಚಯಿಸುವುದು ಇಷ್ಟು ಕಷ್ಟದ ಕೆಲಸವೆಂದು ಜರ್ಮನಿಗೆ ಬರುವತನಕ ನನಗೆ ಗೊತ್ತಿರಲಿಲ್ಲ. ನನ್ನವರು ನನ್ನ ಸೋದರತ್ತೆಯ ಮಗ. ಗದಗಿನಲ್ಲಿ ಇದನ್ನು ಹೇಳಿದರೆ ಜನ "ಹೌದಾ, ಚಹಾ ಕುಡೀರಿ" ಎನ್ನುತ್ತಾರೆ. ಇಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಹೇಳಿದರೆ ಊಟ ಮಾಡುತ್ತಿದ್ದವರು ಫೋರ್ಕ್ ಕೆಳಗಿಡುತ್ತಾರೆ. ಹಾಗಾಗಿ "ಎರಡೂ ಮನೆಯವರಿಗೆ ಹಳೆಯ ಪರಿಚಯ" ಎಂದು ಹೇಳಿಕೊಂಡು ಬಂದಿದ್ದೆ. ಸುಳ್ಳೇನಲ್ಲ. ನಮ್ಮತ್ತೆಗೆ ನನ್ನ ಅಪ್ಪನ ಪರಿಚಯ, ಅಪ್ಪ ತೊಟ್ಟಿಲಲ್ಲಿದ್ದಾಗಿನಿಂದಲೂ ಇದೆ. ಮದುವೆಗೆ ಮುಂಚೆಯೂ ಅವರು ನನಗೆ ಅತ್ತೆ, ಆಮೇಲೂ ಅತ್ತೆ. ಬೈಯುವ ಧಾಟಿಯಷ್ಟೇ ಬದಲಾಯಿತು.

ಆ ಅತ್ತೆ ಈ ಬೇಸಿಗೆಗೆ ನಮ್ಮಲ್ಲಿಗೆ ಬಂದರು. ಒಂದು ಶನಿವಾರ ಅವರನ್ನೂ ಮಗಳು ಋತುವನ್ನೂ ಕರೆದುಕೊಂಡು ಹತ್ತಿರದ ಅರಮನೆ ನೋಡಲು ಹೊರಟೆ. ಆಫೀಸಿನ ಗೆಳತಿ ಸಬೀನೆಯೂ ಜೊತೆಯಾದಳು. ಬಿಳಿಗಡ್ಡದ ಗೈಡ್ ಗೋಡೆಯ ಮೇಲಿನ ವಂಶವೃಕ್ಷದ ಮುಂದೆ ನಿಂತು, ಒಬ್ಬ ರಾಜಕುಮಾರನ ಹೆಸರಿನ ಮೇಲೆ ಕೋಲಿಟ್ಟರು. "ನಮಗೆಲ್ಲ ಮುತ್ತಜ್ಜ ಮುತ್ತಜ್ಜಿಯರು ಒಟ್ಟು ಎಂಟು ಜನ. ಈತನಿಗೆ ಆರೇ ಜನ. ಯಾಕೆ ಹೇಳಿ?" ಎಂದು ಕೇಳಿ, ತಾವೇ ದನಿ ತಗ್ಗಿಸಿ, "ಈತನ ತಾಯಿ ಮದುವೆಯಾದದ್ದು ಸ್ವಂತ ಸೋದರತ್ತೆಯ ಮಗನನ್ನು" ಎಂದರು. ಗುಂಪಿನಲ್ಲಿ ಪಿಸುಮಾತು ಹರಿದಾಡಿತು. ಸಬೀನೆ ಹುಬ್ಬೇರಿಸಿದಳು. ನಾನು ಚಾವಣಿಯ ಚಿತ್ತಾರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಋತು ಅಷ್ಟನ್ನೂ ಅಜ್ಜಿಗೆ ಕನ್ನಡದಲ್ಲಿ ಹೇಳಿಬಿಟ್ಟಳು. ಅತ್ತೆಯ ಮುಖ ಅರಳಿತು. "ಅಯ್ಯ, ನಮ್ಮಂಗ ಅಲ್ಲೇನು! ನಾನೂ ನನ್ನ ತಮ್ಮನ ಮಗಳನ್ನ ಸೊಸಿ ಮಾಡ್ಕೊಂಡೀನಿ. ಹೇಳವಾ ಅವರಿಗೆ, ಇದರಾಗ ನಾಚಿಕಿ ಏನೈತಿ?"

ಬೇಡವೆಂದು ನಾನು ಕಣ್ಸನ್ನೆ ಮಾಡಿದೆ. ಋತು ಆಗಲೇ ಬೆರಳು ಮಡಚಿ ತನ್ನ ಮುತ್ತಜ್ಜಂದಿರನ್ನು ಎಣಿಸುತ್ತಿದ್ದಳು. "ಅಮ್ಮಾ, ನನಗೂ ಆರೇ!" ಎಂದು ಜರ್ಮನ್‌ನಲ್ಲಿ ಇಡೀ ದರ್ಬಾರು ಹಾಲಿಗೆ ಸಾರಿದಳು.

ಗೈಡ್‌ಗೆ ಅಜ್ಜಿಯ ಮಾತನ್ನೂ ದಾಟಿಸಿದಳು. ಅವರು ಕೋಲನ್ನು ಕಂಕುಳಿಗೆ ಸಿಕ್ಕಿಸಿ ಅತ್ತೆಗೆ ನಡುಬಾಗಿ ವಂದಿಸಿ, "ಹುಡುಗ ಹುಡುಗಿ ಒಪ್ಪಿದ್ದರೇ?" ಎಂದು ಋತುವಿನ ಮೂಲಕ ಕೇಳಿದರು.

"ಒಪ್ಪೂದೇನು ಬಂತು? ಅಡಗಿ ಮನ್ಯಾಗ ಇಬ್ಬರೂ ಕದ್ದು ಕದ್ದು ಮಾತಾಡೂದು ಕಂಡಽ ನಾ ಲಗ್ನ ಮಾಡಿಸೇನಿ!"

ಋತು ಅದನ್ನೂ ಅನುವಾದಿಸಿದಳು. ಹಾಲ್ ಘೊಳ್ಳೆಂದಿತು. ಸಬೀನೆ ಕಣ್ಣೀರು ಬರುವಷ್ಟು ನಕ್ಕು ನನ್ನ ತೋಳು ಹಿಡಿದಳು. "ಅಂದರೆ ಲವ್ ಮ್ಯಾರೇಜ್! ಇಂಥ ಚೆಂದದ ಕತೆಯನ್ನು ಯಾಕೆ ಮುಚ್ಚಿಟ್ಟಿದ್ದೆ ಮಾರಾಯ್ತಿ?" ನಾನೂ ನಕ್ಕುಬಿಟ್ಟೆ.

ಸೋಮವಾರ ಆಫೀಸಿಗೆ ಹೋದರೆ, ಕಾಫಿ ಮೆಷಿನ್ ಮುಂದಿನ ಸಾಲು ನನಗೆ ದಾರಿ ಬಿಟ್ಟಿತು. ಸಬೀನೆ ಎಲ್ಲರಿಗೂ ಹೇಳಿಯಾಗಿತ್ತು. "ಮೊದಲು ಮಹಾರಾಣಿಯವರು" ಎಂದು ಒಬ್ಬರು ಬಾಗಿ ಕೈ ಚಾಚಿದರು. ಹಾಗೆಲ್ಲ ಕರೆಯಬೇಡಿ ಎಂದೆ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.