ಬನಿಯನ್ ಮನೆ, ಗ್ರಾಫೈಟ್ ಹುಡುಗಿ

ಗ್ರಾಫೈಟ್ ಮಾರುವವರ ಬದುಕಿನಲ್ಲಿ ಮರ್ಯಾದೆ ಎನ್ನುವುದು ಒಂದು ಕಡೆ ನಿಲ್ಲುವುದಿಲ್ಲ, ಜಾರುತ್ತಲೇ ಇರುತ್ತದೆ. ಬೇರೆಯವರಿಗೆ ವರ್ಷಕ್ಕೊಮ್ಮೆ ಆಗುವ ಪಜೀತಿ ನಮಗೆ ವಾರಕ್ಕೊಮ್ಮೆ ಆಗುತ್ತದೆ.

ನಾನು ದಾವಣಗೆರೆ ಕಡೆಯವಳು. ಇಂಜಿನಿಯರಿಂಗ್ ಮುಗಿಸಿ ಕೊಯಮತ್ತೂರಿಗೆ ಬಂದು, ಗ್ರಾಫೈಟ್ ಸಾಮಾನು ಮಾರುವ ಸಣ್ಣ ಕಂಪನಿಯೊಂದರಲ್ಲಿ ಸೇಲ್ಸ್ ಇಂಜಿನಿಯರ್ ಆದೆ. ಸೇರಿದ ಹೊಸತರಲ್ಲಿ ಇದೇನು ಮಸಿ ಕೆಲಸ ಎಂದು ಮೂಗು ಮುರಿದಿದ್ದೆ. ಆಮೇಲೆ ನೋಡಿದರೆ ಇದು ಇಲ್ಲದ ಜಾಗವೇ ಇಲ್ಲ. ಪೆನ್ಸಿಲ್ಲಿನೊಳಗೆ ಇರುವುದೂ ಇದೇ, ಹಿತ್ತಾಳೆ ಕರಗಿಸುವ ಮೂಸೆಯಲ್ಲಿರುವುದೂ ಇದೇ. ಮಿಕ್ಸಿಯ ಮೋಟಾರಿಗೆ ಕರೆಂಟು ದಾಟಿಸುವ ಬ್ರಷ್ಷು ಇದು, ನಿಮ್ಮ ಮೊಬೈಲಿನ ಬ್ಯಾಟರಿಯೊಳಗೆ ಕೂತಿರುವುದೂ ಇದು. ಬೆಂಕಿಗೆ ಜಗ್ಗುವುದಿಲ್ಲ, ಎಣ್ಣೆಯಿಲ್ಲದೆ ಜಾರುತ್ತದೆ, ಕಾಗದದ ಮೇಲೆ ಹಚ್ಚಿದರೆ ಮನುಷ್ಯನ ಮುಖವಾಗುತ್ತದೆ. ಇಷ್ಟೆಲ್ಲ ಗುಣವಿರುವ ವರ ಸಿಕ್ಕರೆ ಯಾವ ಮನೆಯವರೂ ಬಿಡುವುದಿಲ್ಲ. ಇರುವುದು ಒಂದೇ ದೋಷ, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ.

೧. ಯಂತ್ರ ಒಪ್ಪದ ಬೆರಳು

ನಮ್ಮ ಆಫೀಸಿನಲ್ಲಿ ಹಾಜರಿಗೆ ಬೆರಳಚ್ಚಿನ ಯಂತ್ರ ತಂದು ಗೋಡೆಗೆ ಹಾಕಿದರು. ಬೆರಳಿಟ್ಟರೆ ಹಸಿರು ದೀಪ, ಹಾಜರಿ ಆಯಿತು ಎಂದು ಅರ್ಥ. ನಾನು ಬೆಳಗ್ಗೆಯೇ ಗೋದಾಮಿಗೆ ಹೋಗಿ ಸ್ಯಾಂಪಲ್ ಕಟ್ಟಿಕೊಂಡು ಪೊಳ್ಳಾಚಿ ಕಡೆಯ ತೋಟದ ಪಂಪುಗಳಿಗೆ ಮಾಲು ಮಾರಲೆಂದು ಬಸ್ಸು ಹತ್ತುವವಳು. ಹೋಗುವಾಗ ಬೆರಳಿಟ್ಟರೂ ಕೆಂಪು ದೀಪ, ಬಂದು ಇಟ್ಟರೂ ಕೆಂಪು ದೀಪ. ನನ್ನ ಬೆರಳಿನ ಗೆರೆಗಳಲ್ಲೆಲ್ಲ ಗ್ರಾಫೈಟ್ ತುಂಬಿಕೊಂಡು ಅದು ಬೆರಳೆಂದೇ ಯಂತ್ರಕ್ಕೆ ತೋರುತ್ತಿರಲಿಲ್ಲ.

ತಿಂಗಳ ಕೊನೆಗೆ ಲೆಕ್ಕ ತೆಗೆದರೆ, ದಿನವಿಡೀ ಫ್ಯಾನಿನ ಕೆಳಗೆ ಕೂತವರೆಲ್ಲ ಹಾಜರು, ನಾನು ಮತ್ತು ಗೋದಾಮಿನವರು ಗೈರು. ನಮ್ಮ ಮ್ಯಾನೇಜರ್ ತಮಿಳಿನವರು, ಬಹಳ ಶಿಸ್ತಿನ ಮನುಷ್ಯ. "ಕೈ ತೊಳೆದು ಬೆರಳಿಡಿ" ಎಂದು ಹೇಳಿ ಯಂತ್ರದ ಪಕ್ಕದಲ್ಲಿ ಸೋಪು, ಒಂದು ಬಿಳಿ ಟವೆಲ್ ಇಡಿಸಿದರು. ವಾರದೊಳಗೆ ಆ ಟವೆಲ್ ಎಷ್ಟು ಕಪ್ಪಾಯಿತೆಂದರೆ, ಫ್ಯಾನಿನ ಕೆಳಗೆ ಕೂತವರೂ ಕೈ ಒರೆಸಿಕೊಂಡು ಗೈರುಹಾಜರಾದರು!

೨. ಎರಡು ಚಮಚ

ಒಂದು ದಿನ ಬಿಳಿ ಅಂಗಿ ತೊಟ್ಟವರೊಬ್ಬರು ಗೋದಾಮಿಗೆ ಬಂದು ಗ್ರಾಫೈಟ್ ಪುಡಿ ಬೇಕೆಂದರು.

"ಎಷ್ಟು ಟನ್?" ಎಂದು ಮ್ಯಾನೇಜರ್ ತಮಿಳಿನಲ್ಲಿ ಕೇಳಿದರು.

"ಎರಡು ಚಮಚ."

ಮ್ಯಾನೇಜರಿಗೆ ಅನುಮಾನ ಬಂತು. ಎದುರಾಳಿ ಕಂಪನಿಯವರು ನಮ್ಮ ಮಾಲು ಪರೀಕ್ಷೆ ಮಾಡಿಸಲು ಆಳು ಕಳಿಸಿದ್ದಾರೆಂದೇ ಅವರ ಲೆಕ್ಕ. ಬಂದವರು ಪಾಪ, ತಾವು ಶಾಲೆಯ ಡ್ರಾಯಿಂಗ್ ಮೇಷ್ಟ್ರು, ದೊಡ್ಡ ಭಾವಚಿತ್ರಕ್ಕೆ ಪೆನ್ಸಿಲ್ ಉಜ್ಜಿ ಉಜ್ಜಿ ಕೈ ಸೋಲುತ್ತದೆ, ಪುಡಿಯಾದರೆ ಬಟ್ಟೆಯಲ್ಲಿ ಅದ್ದಿ ಒಂದೇ ಸಲಕ್ಕೆ ನೆರಳು ಹಚ್ಚಬಹುದು ಎಂದು ವಿವರಿಸಿದರು. "ಹಾಗಾದರೆ ಬರೆದು ತೋರಿಸಿ" ಎಂದು ಮ್ಯಾನೇಜರ್ ಹಳೆಯ ರಟ್ಟೊಂದನ್ನು ಮುಂದಿಟ್ಟರು.

ಮೇಷ್ಟ್ರು ಬೆರಳನ್ನು ಪುಡಿಯಲ್ಲಿ ಅದ್ದಿದರು. ಮೊದಲು ಮ್ಯಾನೇಜರ ಮೀಸೆ ಬಂತು, ಆಮೇಲೆ ಗಲ್ಲ, ಗಲ್ಲದ ಕೆಳಗಿನ ಇನ್ನೊಂದು ಗಲ್ಲ, ಮೇಲೆ ಬಕ್ಕತಲೆ. ಕೊನೆಗೆ ರಬ್ಬರಿನಿಂದ ಕಣ್ಣಿನ ಹೊಳಪನ್ನು ಒತ್ತಿ ತೆಗೆದರು. ನಾನು ಕೈಯಲ್ಲಿದ್ದ ಸ್ಯಾಂಪಲ್ ಕೆಳಗಿಡುವುದನ್ನೂ ಮರೆತು ನೋಡುತ್ತಿದ್ದೆ. ಅಷ್ಟು ಚಂದದ ಕೆಲಸವನ್ನು ನಾನು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ.

ಮ್ಯಾನೇಜರ ದನಿ ಮೆತ್ತಗಾಯಿತು. "ಈ ಮಾಲನ್ನು ಮೂಸೆಗೆ, ಪಂಪಿಗೆ ಮಾರಿ ಮಾರಿ ವಯಸ್ಸಾಯಿತು. ಇದರೊಳಗೆ ನಾನೂ ಇದ್ದೆ ಎಂದು ಗೊತ್ತೇ ಇರಲಿಲ್ಲ."

ಮೇಷ್ಟ್ರು ನಾಚಿಕೊಂಡು ಮೈಮರೆತು ಕೈಯನ್ನು ತಮ್ಮ ಅಂಗಿಗೇ ಒರೆಸಿಕೊಂಡರು. ನೋಡಿಕೊಂಡವರೇ, "ಅಯ್ಯೋ, ಅಮ್ಮ ಸಾಯ್ಸ್‌ಬಿಡ್ತಾಳೆ!" ಎಂದು ಅಪ್ಪಟ ಕನ್ನಡದಲ್ಲಿ ಕೂಗಿದರು. ಕೇಳಿದರೆ ಅವರದು ತಲೆಮಾರುಗಳಿಂದ ಈ ಕಡೆಯೇ ನೆಲೆಸಿದ ಕನ್ನಡದ ಮನೆ. ಈಗ ತಿರುಪ್ಪೂರಿನಲ್ಲಿದ್ದಾರೆ, ಕನ್ನಡ ಮಾತಾಡುವುದು ಮನೆಯೊಳಗೆ ಮಾತ್ರ, ಓದಲು ಬಾರದು. ಆ ಊರಲ್ಲಿ ನನ್ನ ಭಾಷೆ ಕಿವಿಗೆ ಬಿದ್ದದ್ದಕ್ಕೋ ಏನೋ, ನನಗೆ ಮನುಷ್ಯ ಬಹಳ ಇಷ್ಟವಾದರು.

ಮ್ಯಾನೇಜರ್ ಒಂದು ಇಡೀ ಚೀಲವನ್ನೇ ಎತ್ತಿ ಕೊಟ್ಟರು. "ದುಡ್ಡು ಬೇಡ ಸಾರ್. ಮುಂದಿನ ಸಲ ಬರೆಯುವಾಗ ನನ್ನ ತಲೆಯ ಮೇಲೆ ಮಾತ್ರ ಪುಡಿ ಸ್ವಲ್ಪ ಧಾರಾಳವಾಗಿ ಹಾಕಿ."

೩. ಬೆಳಗಿದ ಮೂಗುತಿ

ಚೀಲ ಮುಗಿಯುವ ಮೊದಲೇ ನಮ್ಮ ಸ್ನೇಹ ಗಟ್ಟಿಯಾಯಿತು. ಅವರನ್ನು ಪೀಳಮೇಡಿನ ಒಂದು ಫೌಂಡ್ರಿಗೆ ಕರೆದುಕೊಂಡು ಹೋದೆ. ಕೆಂಪಗೆ ಕಾದ ಮೂಸೆಯಲ್ಲಿ ಹಿತ್ತಾಳೆ ನೀರಿನ ಹಾಗೆ ತುಳುಕುತ್ತಿತ್ತು, ಮೂಸೆ ಮಾತ್ರ ತನಗೇನೂ ಆಗಿಲ್ಲವೆಂಬಂತೆ ಕೂತಿತ್ತು. ಮೇಷ್ಟ್ರು ಜೇಬಿನಿಂದ ಪೆನ್ಸಿಲ್ ತೆಗೆದು ಅದನ್ನೊಮ್ಮೆ, ಮೂಸೆಯನ್ನೊಮ್ಮೆ ನೋಡಿ, "ಎರಡೂ ಒಂದೇನಾ?" ಎಂದು ಕೇಳಿ ಪೆನ್ಸಿಲ್ಲಿಗೆ ಕೈ ಮುಗಿದರು. ಮದುವೆಯಾದರೆ ಇವರನ್ನೇ ಎಂದು ನಾನು ನಿರ್ಧರಿಸಿದ್ದು ಆಗಲೇ.

ಗ್ರಾಫೈಟಿನಲ್ಲಿ ಕರೆಂಟು ಹರಿಯುತ್ತದೆ ಎಂಬುದನ್ನೂ ತೋರಿಸಿಕೊಟ್ಟೆ. ಮೆತ್ತನೆಯ ಪೆನ್ಸಿಲ್ಲಿನಿಂದ ದಪ್ಪಗೆ ಎರಡು ಗೆರೆ ಎಳೆದು ಒಂದು ಕಡೆ ಬ್ಯಾಟರಿ, ಇನ್ನೊಂದು ಕಡೆ ಪುಟ್ಟ ಎಲ್‌ಇಡಿ ಇಟ್ಟರೆ ದೀಪ ಹತ್ತುತ್ತದೆ. ಗೆರೆಯೇ ವಯರು. ಅದನ್ನು ಕಂಡವರೇ ಅವರು ತಮ್ಮ ಅಮ್ಮನ ಚಿತ್ರ ಬರೆದರು. ಬೈತಲೆ, ಕೂದಲು, ಕೆನ್ನೆಯ ಅಂಚು ಎಲ್ಲ ಕರೆಂಟು ಹರಿಯುವ ದಪ್ಪ ಗೆರೆಗಳು. ಮೂಗುತಿಯ ಜಾಗದಲ್ಲಿ ಎಲ್‌ಇಡಿ. ಬ್ಯಾಟರಿ ತಾಗಿಸಿದರೆ ಮೂಗುತಿ ಪಳಪಳ!

ಅದನ್ನು ತಿರುಪ್ಪೂರಿಗೆ ಕೊಂಡೊಯ್ದರು. ಅವರ ಮನೆಯಲ್ಲಿ ಬಿಳಿ ಬನಿಯನ್ ಹೊಲಿಯುತ್ತಾರೆ. ಕೆಳಗೆ ಹೊಲಿಗೆ, ಮೇಲೆ ವಾಸ. ಅಷ್ಟಕ್ಕೇ ಆ ಊರಲ್ಲಿ ಬನಿಯನ್ ಕಂಪನಿ ಎನ್ನುತ್ತಾರೆ. ಅದರ ಯಜಮಾನಿಕೆ ಪೂರ್ತಿ ಅಮ್ಮನದು. ಅಪ್ಪ ಲೆಕ್ಕಕ್ಕೆ ಮಾಲೀಕರು, ಕೆಲಸಕ್ಕೆ ಅಮ್ಮನ ಮಾತಿಗೆ "ಹ್ಞೂಂ" ಎನ್ನುವವರು.

ಅಮ್ಮನಿಗೆ ಚಿತ್ರ ನೋಡಿ ಹಿಡಿಸಲಾರದಷ್ಟು ಹಿಗ್ಗು. "ಪಾರುಂಗ, ನನ್ನ ಮೂಗುತಿ ಹತ್ತುತ್ತೆ ನೋಡಿ!" ಎಂದು ಬೀದಿಯವರನ್ನೆಲ್ಲ ಕೂಗಿ ಕರೆದು ತೋರಿಸಿದರು. ಬಂದವರು ಚಿತ್ರವನ್ನು ಮುಟ್ಟಿ ನೋಡಿದರು. ಮುಟ್ಟಿದ ಕೈಯಲ್ಲೇ ಪಕ್ಕದಲ್ಲಿ ಜೋಡಿಸಿಟ್ಟ ಬನಿಯನ್ ಎಷ್ಟು ಚೆನ್ನಾಗಿದೆ ಎಂದು ಅವನ್ನೂ ಮುಟ್ಟಿ ನೋಡಿದರು. ಬೆಳಗಾದರೆ ಕಳಿಸಬೇಕಾದ ಮಾಲಿನ ಮೇಲೆಲ್ಲ ಬೀದಿಯವರ ಬೆರಳಚ್ಚು.

"ಈ ದೀಪದ ಬುದ್ಧಿ ನಿನಗೆ ಯಾರು ಹೇಳಿಕೊಟ್ಟದ್ದು?" ಎಂದು ಅಮ್ಮ ವಿಚಾರಣೆ ಶುರು ಮಾಡಿದರು. ಮೇಷ್ಟ್ರು ಸಮಯ ನೋಡಿ ಮಾತಾಡುವವರಲ್ಲ. ಕರಿ ಕಲೆಯ ಬನಿಯನ್ ಅಮ್ಮನ ಕೈಯಲ್ಲಿದ್ದಾಗಲೇ, ಹೀಗೊಬ್ಬಳು ಹುಡುಗಿ, ಗ್ರಾಫೈಟ್ ಮಾರುತ್ತಾಳೆ, ಅವಳನ್ನೇ ಮದುವೆಯಾಗುತ್ತೇನೆ ಎಂದುಬಿಟ್ಟರು.

"ನಮ್ದು ವೆಳ್ಳೆ ಬನಿಯನ್ ಕಂಪನಿ ಕಣ್ಣು," ಎಂದರಂತೆ ಅಮ್ಮ, ತಮ್ಮ ಅರ್ಧ ತಮಿಳಿನ ಕನ್ನಡದಲ್ಲಿ; ವೆಳ್ಳೆ ಎಂದರೆ ಬಿಳಿ, ಪೊಣ್ಣು ಎಂದರೆ ಹುಡುಗಿ, ಕಣ್ಣು ಎಂಬುದು ಮುದ್ದಿನ ಕರೆ. "ಆ ಪೊಣ್ಣು ಈ ವಾಸಲು ದಾಟಿ ಒಳಗೆ ಬಂದ್ರೆ, ನಾಳೆಯಿಂದ ಕರುಪ್ಪು ಬನಿಯನ್ ಕಂಪನಿ ಅಂತ ಬೋರ್ಡ್ ಬರೀಬೇಕಾಯ್ತದೆ. ನೀನೇ ಬರಿ, ನಿನ್ ಹತ್ರ ಪುಡಿ ಐತಲ್ಲ!"

೪. ಬೀಗಕ್ಕೂ ಭಯ

ನಮ್ಮ ಮನೆಯಲ್ಲಿ ಒಪ್ಪಿದ್ದರು. ಆದರೆ ತಮ್ಮ ಅಮ್ಮನ ಒಪ್ಪಿಗೆ ಇಲ್ಲದೆ ಮೇಷ್ಟ್ರೂ ಮದುವೆಯಾಗುವವರಲ್ಲ, ಹಾಗೆ ಹೋಗಿ ಆ ಮನೆ ಸೇರುವುದು ನನಗೂ ಬೇಕಿರಲಿಲ್ಲ. ಗೋದಾಮಿನಲ್ಲಿ ಕೂತು ಅತ್ತೆ. ಕಣ್ಣೊರೆಸಿಕೊಂಡು ಕನ್ನಡಿ ನೋಡಿದ ಮೇಲೆ ಇನ್ನೂ ಜೋರಾಗಿ ಅತ್ತೆ.

ಆಮೇಲೊಂದು ದಿನ ಬೆಳಗ್ಗೆ ಮೇಷ್ಟ್ರ ಫೋನು. ಬನಿಯನ್ ಕಂಪನಿಯ ಶಟರಿನ ಬೀಗ ಕಚ್ಚಿಕೊಂಡು ತೆರೆಯುತ್ತಿಲ್ಲ, ಮಾಲು ಒಯ್ಯಲು ಬಂದ ಟೆಂಪೋ ಹಾರ್ನ್ ಹೊಡೆಯುತ್ತಿದೆ, ಹೊಲಿಯುವವರೆಲ್ಲ ಬೀದಿಯಲ್ಲಿ ನಿಂತಿದ್ದಾರೆ, ಅಮ್ಮ ತೆಂಗಿನೆಣ್ಣೆ ತರಲು ಮೇಲೆ ಮನೆಗೆ ಹೋಗಿದ್ದಾರೆ. "ಎಣ್ಣೆ ಬೇಡ್ರೀ!" ಎಂದು ಕೂಗಿದೆ. "ಹತ್ತಿ ದೂಳು ಎಣ್ಣೆಗೆ ಅಂಟಿದರೆ ಬೀಗ ಇನ್ನೂ ಬಿಗಿಯುತ್ತೆ. ನಿಮ್ಮ ಮೆತ್ತನೆ ಪೆನ್ಸಿಲ್ ತೊಗೊಂಡು ಕೀಲಿಕೈಗೆ ಎರಡೂ ಕಡೆ ದಪ್ಪಗೆ ಉಜ್ಜಿ, ಒಳಗೆ ಹಾಕಿ ಆಡಿಸಿ."

ಫೋನಿನಲ್ಲೇ ಎಲ್ಲ ಕೇಳಿಸುತ್ತಿತ್ತು. ಉಜ್ಜಿದರು, ಆಡಿಸಿದರು, ಮತ್ತೆ ಉಜ್ಜಿದರು. ಟಕ್ಕೆಂದು ಬೀಗ ಬಿಟ್ಟಿತು. ಹೊಲಿಯುವವರು ಚಪ್ಪಾಳೆ ತಟ್ಟಿದರು. ಅಮ್ಮನಿಂದ ಒಂದು ಒಳ್ಳೆಯ ಮಾತು ಬಂದೀತೆಂದು ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ.

"ಆ ಪೊಣ್ಣಿನ ದನಿ ಕೇಳಿ ಬೀಗಕ್ಕೂ ಭಯ ಬಂದಿರ್ಬೇಕು" ಎಂದರು ಅಮ್ಮ.

ಹಾಗೆಂದವರು ಆ ಪೆನ್ಸಿಲನ್ನು ಮಗನಿಗೆ ವಾಪಸು ಕೊಡಲಿಲ್ಲ. ಬೀರುವಿನ ಡ್ರಾ ಬಿಗಿಯಾದರೆ ಪೆನ್ಸಿಲ್ ಉಜ್ಜಿದರು. ಬ್ಯಾಗಿನ ಜಿಪ್ಪು ಸಿಕ್ಕಿಕೊಂಡರೆ ಪೆನ್ಸಿಲ್. ಪಕ್ಕದ ಮನೆಯವರ ಟ್ರಂಕಿಗೂ ತಾವೇ ಹೋಗಿ ಉಜ್ಜಿ, ತಮ್ಮದೇ ಕಂಡುಹಿಡಿದ ವಿದ್ಯೆಯೆಂಬಂತೆ ಬೀಗಿ ಬಂದರು. ಪೆನ್ಸಿಲ್ ಯಾವಾಗಲೂ ತುರುಬಿನಲ್ಲೇ ಇರುತ್ತಿತ್ತು. ಇದನ್ನೆಲ್ಲ ನೋಡಿ ಧೈರ್ಯ ಬಂದ ಮೇಷ್ಟ್ರು ಮದುವೆಯ ಮಾತನ್ನು ಮತ್ತೆ ಎತ್ತಿದರು.

"ಪೆನ್ಸಿಲ್ ಬೇರೆ, ಪೊಣ್ಣು ಬೇರೆ," ಎಂದರು ಅಮ್ಮ. "ಪೆನ್ಸಿಲ್ ಸುತ್ತ ಮರ ಐತೆ, ಕೈಗೆ ಅಂಟಲ್ಲ. ಆ ಪೊಣ್ಣಿನ ಸುತ್ತ ಏನೈತೆ?"

೫. ಇಲ್ಲ ಎನ್ನಲು ಬಂದವರು

ಅಮ್ಮನಿಗೆ ಒಂದು ನಿಯಮ. ಒಪ್ಪಿಗೆಯನ್ನು ಫೋನಿನಲ್ಲಿ ಹೇಳಬಹುದು, ಇಲ್ಲ ಎನ್ನುವುದನ್ನು ಮಾತ್ರ ಎದುರಿಗೆ ಹೋಗಿ ಹೇಳಬೇಕು. ಹೆಣ್ಣು ಮಗುವನ್ನು ಕಾಯಿಸಬಾರದು, ಮುಖ ನೋಡಿ ಹೇಳಿ ಬರುತ್ತೇನೆ ಎಂದು ಹೊರಟರಂತೆ. ಮಿಷನ್ನಿನ ಬಿಡಿಭಾಗ ತರಲು ಕೊಯಮತ್ತೂರಿಗೆ ಬಂದವರು ಗಂಡನನ್ನೂ ಕರೆದುಕೊಂಡು ನೇರ ನಮ್ಮ ಗೋದಾಮಿಗೇ ಬಂದರು. ಮಗನಿಗೆ ಹೇಳಿಯೂ ಇರಲಿಲ್ಲ. ನಾನು ಆಗ ಹೊಸ ಚೀಲ ಬಿಚ್ಚಿ ಸ್ಯಾಂಪಲ್ ತುಂಬುತ್ತಿದ್ದೆ. ಬೆರಳ ತುದಿಯಿಂದ ಅಂಗೈವರೆಗೆ ಕಪ್ಪು, ಮೂಗಿನ ಮೇಲೆ ಎಷ್ಟಿತ್ತೋ ದೇವರೇ ಬಲ್ಲ.

ಬಾಗಿಲಲ್ಲಿ ಬಿಳಿ ಸೀರೆಯಂಚು ಕಂಡಿತು. ಮೂಗುತಿ ಕಂಡಿತು. ಚಿತ್ರದಲ್ಲಿ ನೋಡಿದ್ದ ಮುಖ, ಗುರುತು ಸಿಕ್ಕಿತು. ನಮಸ್ಕಾರ ಮಾಡಬೇಕಿತ್ತು, ತಲೆ ಓಡಲಿಲ್ಲ. ಫೌಂಡ್ರಿಗಳಲ್ಲಿ ಒಂದು ರೂಢಿಯಿದೆ. ಕೈ ಕೊಳೆಯಾಗಿರುವಾಗ ಯಾರಾದರೂ ಬಂದರೆ ಅಂಗೈ ಮಡಚಿಕೊಂಡು ಮಣಿಕಟ್ಟನ್ನು ಮುಂದೆ ಚಾಚುತ್ತೇವೆ, ಬಂದವರು ಅದನ್ನೇ ಹಿಡಿದು ಕುಲುಕುತ್ತಾರೆ. ಅಭ್ಯಾಸಬಲದಿಂದ ನಾನು ಎರಡೂ ಮಣಿಕಟ್ಟುಗಳನ್ನು ಆ ತಾಯಿಯ ಮುಂದೆ ಚಾಚಿಬಿಟ್ಟೆ!

ಅಮ್ಮ ನನ್ನ ಬರಿಯ ಕೈಗಳನ್ನು ನೋಡಿದರು. ಗಂಡನ ಕಡೆ ತಿರುಗಿದರು. "ಪಾತ್ತೀಂಗಳಾ, ನೋಡಿದ್ರಾ? ಇನ್ನೂ ಒಂದು ಮಾತಾಡಿಲ್ಲ, ಕಾಪಿ ಕುಡೀರಿ ಅಂತ ಕೇಳಿಲ್ಲ, ಬಳೆ ಅಳತೆ ಕೊಡ್ತಾಳೆ!"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಅಯ್ಯೋ, ಅದಲ್ಲಮ್ಮ, ಫೌಂಡ್ರಿಯಲ್ಲಿ..." ಎಂದು ತೊದಲಿದೆ. ಅಪ್ಪ ಮಾತ್ರ ನಗು ತಡೆಯಲಾರದೆ ಗೋಣಿಚೀಲದ ಮೇಲೆ ಕೂತುಬಿಟ್ಟರು. ಬಿಳಿ ಪಂಚೆಯಲ್ಲಿ.

ಅಮ್ಮನಿಗೆ ಅಷ್ಟರಲ್ಲಿ ಒಂದು ಉಪಾಯ ಹೊಳೆದಂತಿತ್ತು. ಇಲ್ಲ ಎಂದು ಬಾಯಿಬಿಟ್ಟು ಹೇಳುವ ಬದಲು ಇದೇ ಒಳ್ಳೆಯ ನೆಪ. ತಮ್ಮ ಕೈಯಿಂದ ಒಂದು ಚಿನ್ನದ ಬಳೆಯನ್ನು ತಿರುಗಿಸಿ ತಿರುಗಿಸಿ, ಹಲ್ಲು ಕಚ್ಚಿ ಎಳೆದು ಕಳಚಿದರು. "ಇಲ್ಲಿ ನೋಡು ಕಣ್ಣು, ನಿಂದು ದೊಡ್ಡ ಕೈ, ಕೆಲಸದ ಕೈ. ನಮ್ಮ ಮನೆ ಬಳೆ ಇದಕ್ಕೆ ಏರಲ್ಲ. ನನ್ನ ಕಲ್ಯಾಣದಲ್ಲಿ ನನಗೇ ಸೋಪು ಹಚ್ಚಿ ಮೂರು ಜನ ಹಿಡ್ಕೊಂಡು ಏರ್ಸಿದ್ರು. ಏರದೆ ಇದ್ರೆ ಮನಸ್ಸಿಗೆ ಬೇಜಾರು ಮಾಡ್ಕೋಬಾರ್ದು, ಸರಿಯಾ?"

ಹೇಳುತ್ತಲೇ ಬಳೆಯನ್ನು ನನ್ನ ಬೆರಳುಗಳ ತುದಿಗೆ ಇಟ್ಟು, ಏರುವುದಿಲ್ಲವೆಂಬುದನ್ನು ನನಗೆ ಚೆನ್ನಾಗಿ ಮನದಟ್ಟು ಮಾಡಲು ಸ್ವಲ್ಪ ಜೋರಾಗಿಯೇ ತಳ್ಳಿದರು. ನನ್ನ ಕೈ ತುಂಬ ನಮ್ಮಲ್ಲಿನ ಅತಿ ನಯವಾದ ಮಾಲು. ಬಳೆ ಎಲ್ಲೂ ನಿಲ್ಲಲಿಲ್ಲ. ಬೆರಳು ದಾಟಿತು, ಗೆಣ್ಣು ದಾಟಿತು, ಸರ್ರನೆ ಬಂದು ಮಣಿಕಟ್ಟಿನಲ್ಲಿ ಕೂತಿತು.

ಅಮ್ಮ ನನ್ನ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಇಷ್ಟು ವರ್ಷ ಬಿಳಿಯನ್ನೇ ನಂಬಿ ಬಾಳಿದ ಆ ಮುಖದಲ್ಲಿ ನಿಧಾನಕ್ಕೆ ಒಂದು ಬೆರಗು ಮೂಡಿತು. ನನ್ನ ಅಂಗೈಯ ಪುಡಿಯನ್ನು ಎರಡು ಬೆರಳಲ್ಲಿ ತೆಗೆದು ಉಜ್ಜಿ ನೋಡಿ, "ಸೋಪೇ ಇಲ್ದೆ!" ಎಂದರು. ಮ್ಯಾನೇಜರ್ ಎಲ್ಲಿದ್ದರೋ, ಓಡಿ ಬಂದು ಹೆಮ್ಮೆಯಿಂದ, "ಇದಕ್ಕಿಂತ ನಯವಾದ್ದು ಎಲ್ಲೂ ಸಿಗದಮ್ಮ, ಒಂದು ಚೀಲ ಕಳಿಸಲೇ?" ಎಂದು ತಮಿಳಿನಲ್ಲಿ ಕೇಳಿದರು.

ನಾನು ಅಳುಕುತ್ತ ಬಳೆ ಕಳಚಲು ಹೋದೆ. ಅಮ್ಮ ನನ್ನ ಕೈ ಮೇಲೆ ಪಟ್ಟನೆ ಹೊಡೆದರು. "ತೆಗೀಬೇಡ! ಮಾಮಿಯಾರು ಹಾಕಿದ ಬಳೆ ಹಾಕಿದ ಕೂಡ್ಲೇ ತೆಗೀತಾರಾ ಯಾರಾದ್ರೂ?"

ಮಾಮಿಯಾರು ಎಂದರೆ ಅತ್ತೆ. ನನ್ನ ಕಣ್ಣಲ್ಲಿ ನೀರು ಬಂತು. ಅಪ್ಪ ಗೋಣಿಚೀಲದಿಂದ ಎದ್ದು, ಹಿಂದುಗಡೆ ಪೂರ್ತಿ ಕರ್ರಗಾದ ಪಂಚೆಯಲ್ಲೇ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಏನಮ್ಮಾ, ನಾವು ಇಲ್ಲ ಅನ್ನಕ್ಕೆ ಅಲ್ವಾ ಬಂದಿದ್ದು? ನೀನು ಒಪ್ಪಿಬಿಟ್ಯಾ?"

"ನಾನೆಲ್ಲಿ ಒಪ್ದೆ?" ಎಂದು ಅಮ್ಮ ಸಿಡುಕಿದರು. "ಅದೇ ಜಾರ್ಕೊಂಡು ಹೋಯ್ತು!"