ಶೇಂಗಾ, ಬೆಲ್ಲ ಒಂದೇ ಬಲೆಯಲ್ಲಿ

ಕೋಳಿ ಕೂಗುವ ಮೊದಲೇ ಅಂಗಳ ಗುಡಿಸಿದೆ. ನಳಕ್ಕೆ ನೀರು ಬಂದಿತ್ತು, ಎರಡು ಬ್ಯಾರಲ್ ತುಂಬಿದೆ. ಇಪ್ಪತ್ತೆರಡು ರೊಟ್ಟಿ ಬಡಿದೆ. ಬದನೆಕಾಯಿ ಎಣ್ಣೆಗಾಯಿ ಒಲೆಗಿಟ್ಟೆ. ಅತ್ತೆಗೆ ಒಂದು ಸಲ ಚಹಾ, ಗಂಡನಿಗೆ ಎರಡು ಸಲ. ಟಗರಿಗೆ ಹೊಟ್ಟು. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೆ ಅವನಿಗೂ ಒಂದು ಕಪ್ ಸೋಸಬೇಕಾಗುತ್ತಿತ್ತೇನೋ!

ಕೈಗೆ ಜೋಳದ ಹಿಟ್ಟು ಅಂಟಿಕೊಂಡಿರುವಾಗಲೇ ನಾನು ಭೀಷ್ಮ ಪ್ರತಿಜ್ಞೆ ಮಾಡಿದೆ. ಇಂದು ಹತ್ತು ಗಂಟೆಯೊಳಗೆ, ಯಾರ ಸಹಾಯವೂ ಇಲ್ಲದೆ, ಪರೀಕ್ಷಾ ಸರ್ವರಿನ ಹೊಟ್ಟೆಯೊಳಗೆ ಹುಸಿ ನೆಟ್‌ವರ್ಕ್ ಕಟ್ಟಿಯೇ ತೀರುತ್ತೇನೆ!

ನಾನು ಅನ್ನಪೂರ್ಣಾ, ಕಲ್ಲೋಳಿಯಲ್ಲಿ ಕುರಿ ಸಾಕುವ ಮನೆಯ ಸೊಸೆ. ಗೋಕಾಕದ ಒಂದು ಸಣ್ಣ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಬಸ್ಸುಗಳು ಈ ಕ್ಷಣ ಎಲ್ಲಿವೆ ಎಂದು ಫೋನಿನಲ್ಲಿ ತೋರಿಸುವ ಆ್ಯಪ್ ನಮ್ಮದು. ಹತ್ತು ಗಂಟೆಗೆ ನಮ್ಮ ಹಿರಿಯ ಇಂಜಿನಿಯರ್ ಸಂಘಮಿತ್ರಾ ಮೇಡಂ ನನ್ನ ಕೆಲಸ ನೋಡುವವರಿದ್ದರು. ನೆಟ್‌ವರ್ಕ್ ಕಟ್ಟಿದರೆ ನಿಜವಾದ ಬಸ್ಸುಗಳ ದೊಡ್ಡ ಸರ್ವರಿನ ಜವಾಬ್ದಾರಿ ನನಗೆ. ಕಟ್ಟದಿದ್ದರೆ, ಮೂರು ವರ್ಷದಿಂದ ಮಾಡುತ್ತಿರುವಂತೆ, ಬೇರೆಯವರ ತಪ್ಪು ತಿದ್ದುತ್ತ ಕೂರುವುದು.

ಸರ್ವರ್ ಅಂದರೆ ಹೆದರಬೇಡಿ. ಅದೊಂದು ಅಡುಗೆಮನೆಯ ಕಪಾಟು. ಒಳಗೆ ಸಾಲಾಗಿ ಡಬ್ಬಿಗಳು. ತಿಳಿದವರು ಕಂಟೇನರ್ ಎನ್ನುತ್ತಾರೆ, ನಾನು ಡಬ್ಬಿ ಎನ್ನುತ್ತೇನೆ. ಹೆಸರನ್ನೂ ಹಾಗೇ ಇಟ್ಟಿದ್ದೆ. ಬಸ್ಸಿನ ಸುದ್ದಿ ತರುವ ಡಬ್ಬಿ 'ಶೇಂಗಾ'. ಅದನ್ನು ಫೋನಿಗೆ ಬಡಿಸುವ ಡಬ್ಬಿ 'ಬೆಲ್ಲ'. ಹಳೆಯ ಪ್ರಯೋಗಗಳ ಕಸ ತುಂಬಿಕೊಂಡ ಡಬ್ಬಿ 'ಖಾರ'. ಶೇಂಗಾ ಮತ್ತು ಬೆಲ್ಲ ಮಾತಾಡಿಕೊಳ್ಳಲು ನಡುವೆ ಒಂದು ಹುಸಿ ನೆಟ್‌ವರ್ಕ್ ಬೇಕು. ತಂತಿ ಇಲ್ಲ, ಪೆಟ್ಟಿಗೆ ಇಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಅದಿಲ್ಲದೆ ಒಂದೂ ನಡೆಯುವುದಿಲ್ಲ. ಸೊಸೆಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!

ಎಂಟು ಗಂಟೆಗೆ ಗಂಡ ಉಮೇಶನಿಗೆ ಹೇಳಿದೆ: "ಹತ್ತರ ತನಕ ನಾ ಮನ್ಯಾಗ ಇಲ್ಲ ಅಂತ ತಿಳ್ಕೋರಿ. ಮಾಡೋ ಕೆಲಸ ಎಲ್ಲಾ ಚೀಟ್ಯಾಗ ಬರದು ಫ್ರಿಜ್ಜಿಗೆ ಹಚ್ಚೇನಿ."

"ಚೀಟಿ ಐತೆಲ್ಲ, ಮುಗೀತು!" ಉಮೇಶ ಅಂಗಿಯ ತೋಳು ಮಡಚಿದ. "ಏನ ಮಾಡಬೇಕಂತ ನೀ ಹೇಳಬೇಕ ನೋಡು. ಮಾಡೋದೇನ ದೊಡ್ಡದು?"

ಹೇಳುವುದೂ ಒಂದು ಕೆಲಸವೇ ಎಂದು ಹೇಳಲು ಇನ್ನೊಂದು ಚೀಟಿ ಬೇಕಾಗುತ್ತಿತ್ತು.

ಸರ್ವರಿನ ಕೆಲಸಕ್ಕೂ ನಾನು ಬೆಳಗ್ಗೆಯೇ ಕನ್ನಡದಲ್ಲಿ ಒಂದು ಚೀಟಿ ಬರೆದಿದ್ದೆ. ಅದನ್ನು ಮಡಚಿ ಲ್ಯಾಪ್‌ಟಾಪಿನ ಕೆಳಗಿಟ್ಟು, ಕೋಣೆಯ ಬಾಗಿಲು ಹಾಕಿ ಕುಳಿತೆ. ಬಿಚ್ಚಿ ನೋಡಲಿಲ್ಲ. ಯಾಕೆ ನೋಡಲಿ? ಎಲ್ಲ ಬಾಯಿಪಾಠ!

'ಶೇಂಗಾ' ಡಬ್ಬಿಯೊಳಗೆ ಹೊಕ್ಕು ನೆಟ್‌ವರ್ಕ್ ಕಟ್ಟಲು ಆಜ್ಞಾಪಿಸಿದೆ. ಪರದೆಯ ಮೇಲೆ ಉತ್ತರ ಬಂತು: ಅನುಮತಿ ಇಲ್ಲ.

ಇನ್ನೊಂದು ರೀತಿ ಬರೆದೆ. ಅನುಮತಿ ಇಲ್ಲ. ಪುಸಲಾಯಿಸಿದೆ, ಗದರಿಸಿದೆ, ಆರಿಸಿ ಹೊತ್ತಿಸಿದೆ. ಅನುಮತಿ ಇಲ್ಲ! ಮೂರು ವರ್ಷ ನಮ್ಮ ಮನೆಯಿಂದ ಮಾತಾಡಿಸಿ ಆ ಸರ್ವರ್‌ಗೂ ಇಲ್ಲಿಯ ಗಾಳಿ ತಗುಲಿತ್ತು.

ಎಂಟೂವರೆಗೆ ಹೊರಗಿನಿಂದ ಅತ್ತೆ ಫಕೀರವ್ವನ ಸೀನು ಕೇಳಿತು. ಒಂದಲ್ಲ, ಒಂಬತ್ತು. ನಾನು ಏಳಲಿಲ್ಲ. ಒಂಬತ್ತಕ್ಕೆ ಅಟ್ಟದಿಂದ ಏನನ್ನೋ ಎಳೆದ ಸದ್ದು. ಏಳಲಿಲ್ಲ. ಒಂಬತ್ತೂವರೆಗೆ ಪಡಸಾಲೆಯಲ್ಲಿ ಗೊರಸಿನ ಸಪ್ಪಳ. ಕಿವಿಯಲ್ಲಿ ಹತ್ತಿ ತುರುಕಿಕೊಂಡೆ!

ಒಂಬತ್ತೂ ಮುಕ್ಕಾಲಿಗೆ, ಹೇಳಿದ್ದಕ್ಕಿಂತ ಮೊದಲೇ, ಸಂಘಮಿತ್ರಾ ಮೇಡಂ ವಿಡಿಯೋ ಕರೆಯಲ್ಲಿ ಪ್ರತ್ಯಕ್ಷರಾದರು. ಅದೇ ಗಳಿಗೆಗೆ ನನ್ನ ಬೆನ್ನ ಹಿಂದೆ ಬಾಗಿಲು ತೆರೆಯಿತು.

"ಅನ್ನಪೂರ್ಣಾ," ಮೇಡಂ ಕನ್ನಡಕ ಸರಿಮಾಡಿಕೊಂಡರು, "ನಿಮ್ಮ ಹಿಂದ ನಿಂತಿದ್ದು ಟಗರ ಏನ್ರಿ?"

ತಿರುಗಿ ನೋಡಿದೆ. ಟಗರೇ. ಬಾಯಿ ತುಂಬ ಬೆಲ್ಲ. ಅದರ ಪಕ್ಕದಲ್ಲಿ ಉಮೇಶ. ಮುಖ ಕೆಂಪು, ತಲೆಯಲ್ಲಿ ಉಣ್ಣೆ, ಕಣ್ಣಲ್ಲಿ ನೀರು, ತುಟಿಯ ಮೇಲೆ ವಿಜಯದ ನಗು.

"ಎಲ್ಲಾ ಮುಗೀತು! ಅಕ್ಷರಕ್ಕ ಅಕ್ಷರ ಮಾಡೇನಿ. ಖಾರದ ಡಬ್ಬಿ ಪೂರ್ತಿ ಖಾಲಿ."

"ವರ್ಷದ ಮಸಾಲಿ ಖಾರಾನಾ? ಎಲ್ಲಿ ಸುರುವಿದ್ರಿ?"

"ಪಡಸಾಲ್ಯಾಗ, ಪೇಪರ್ ಮ್ಯಾಲ. ಫ್ಯಾನ್ ಹಚ್ಚಿದ್ದು ಆಮ್ಯಾಲ ಲಕ್ಷ್ಯಕ್ಕ ಬಂತು."

"ಖಾರದ ಡಬ್ಬಿ ಖಾಲಿ ಮಾಡು ಅಂತ ಯಾರರೆ ಬರೀತಾರೇನ್ರಿ?"

"ನೀನ ಬರದೀ ಅಲ್ಲ!" ಚೀಟಿ ಎತ್ತಿ ಹಿಡಿದ. "ಎರಡನೇದು, ಖಾರದ ಡಬ್ಬಿ ಪೂರ್ತಿ ಖಾಲಿ ಮಾಡುವುದು. ಮೂರನೇದು, ಶೇಂಗಾ, ಬೆಲ್ಲ ಎರಡನ್ನೂ ಒಂದೇ ಬಲೆಯಲ್ಲಿ ಹಾಕುವುದು. ಕುರಿ ಹಟ್ಟಿಗೆ ಸುತ್ತೋ ಬಲಿ ಅಟ್ಟದ ಮ್ಯಾಲಿತ್ತು, ಇಳಿಸಿ ಹಾಕಿದೆ. ನಾಲ್ಕನೇದು, ಹೊರಬಾಗಿಲು ತೆರೆದಿಡುವುದು, ಯಾರೇ ಬಂದರೂ ತಡೆಯಬಾರದು. ಟಗರ ಬಂತು. ತಡೀಲಿಲ್ಲ."

ನೆಟ್‌ವರ್ಕಿಗೆ 'ಬಲೆ' ಎಂದು ಬರೆದಿದ್ದ ಸರ್ವರಿನ ಚೀಟಿ ಫ್ರಿಜ್ಜಿಗೆ ಹೋಗಿತ್ತು. ಮನೆಯ ಚೀಟಿ ನನ್ನ ಲ್ಯಾಪ್‌ಟಾಪಿನಡಿ ಹಾಯಾಗಿ ಮಲಗಿತ್ತು! ನಮ್ಮ ಕಡೆ ಬಲೆಗೂ ಬಲಿ ಎನ್ನುತ್ತಾರೆ. ಆ ದಿನ ಎರಡೂ ಒಂದೇ ಆಗಿತ್ತು.

"ಒಂದಿಷ್ಟರೆ ವಿಚಾರ ಮಾಡಬಾರದೇನ್ರಿ, ಹಿಂಗ್ಯಾಕ ಬರದಾಳ ಅಂತ?"

"ವಿಚಾರ ಮಾಡೋದು ನಿನ್ನ ಕೆಲಸ ಅಲ್ಲೇನು?"

ಮೇಡಂ ನಗುತ್ತಿರಬೇಕೆಂದು ನೋಡಿದೆ. ಅವರು ನಗುತ್ತಿರಲಿಲ್ಲ. "ಸರ, ಒಂದನೇದು ಏನ ಬರದಾರ, ಅದನ್ನ ಓದ್ರಿ."

"ಒಂದನೇದು, ಮೊದಲು ಹೊರಗಿನಿಂದ ಅನುಮತಿ. ಅದನ್ನೂ ಮಾಡೇನ್ರಿ. ಹೊರಗ ಹೋಗಿ ಅವ್ವನ್ನ ಕೇಳಿದೆ."

ಬಾಗಿಲಲ್ಲಿ ಫಕೀರವ್ವ ಇನ್ನೊಮ್ಮೆ ಸೀನಿದಳು. "ಮನಿಕೆಲಸಾ ಮಾಡ್ಲಾ ಅಂತ ಮಗಾ ಕೇಳಿದ್ದು ಜಲ್ಮದಾಗ ಮೊದಲನೇ ಸಲ! ಖುಷಿಗೆ ಹೂಂ ಅಂದೆ. ಯಾವ ಕೆಲಸ ಅಂತ ಕೇಳೋದ ಮರತೆ ನಮ್ಮವ್ವಾ!"

"ಕೇಳಿದ್ರೇನ್ರಿ ಅನ್ನಪೂರ್ಣಾ?" ಮೇಡಂ ಈಗ ನಕ್ಕರು. "ಡಬ್ಬಿ ಒಳಗ ಕುಂತು ಎಷ್ಟ ಬಡಕೊಂಡ್ರೂ ಅನುಮತಿ ಸಿಗಂಗಿಲ್ಲ. ಡಬ್ಬಿ ಬಿಟ್ಟು ಹೊರಗ ಸರ್ವರ್‌ಗೆ ಬಂದು ಅಲ್ಲಿಂದ ಕೊಡಬೇಕು. ಪಟ್ಟಿ ಬರದವರು ನೀವು. ಪಟ್ಟಿ ಪ್ರಕಾರ ಮಾಡಿದವರು ನಿಮ್ಮ ಮನಿಯವರು!"

ಬಾಯಿಪಾಠ ಕೈಕೊಟ್ಟಿತ್ತು! ಡಬ್ಬಿಯಿಂದ ಹೊರಗೆ ಬಂದೆ, ಹೊರಗಿನಿಂದ ಅನುಮತಿ ಕೊಟ್ಟೆ, ಮತ್ತೆ ಒಳಗೆ ಹೋದೆ. ನಾಲ್ಕೇ ನಿಮಿಷ! ಶೇಂಗಾ ಬೆಲ್ಲವನ್ನು ಕರೆಯಿತು, ಬೆಲ್ಲ ಓಗೊಟ್ಟಿತು. ನನ್ನ ಫೋನಿನಲ್ಲಿ ಗೋಕಾಕದ ಬಸ್ಸೊಂದು ಹಸಿರು ಚುಕ್ಕೆಯಾಗಿ ಕಲ್ಲೋಳಿ ನಿಲ್ದಾಣದಲ್ಲಿ ಹೊಳೆಯಿತು.

"ಶಾಬಾಷ್!" ಎಂದರು ಮೇಡಂ. "ಹನ್ನೆರಡಕ್ಕ ಗೋಕಾಕಕ್ಕ ಬರ್ರಿ. ದೊಡ್ಡ ಸರ್ವರ್ ನಿಮ್ಮ ಕೈಗೆ ಒಪ್ಪಸ್ತೀನಿ. ಬೇಕಂದ್ರ ಪಟ್ಟಿ ಓದಾಕ ಅವರನ್ನೂ ಕರಕೊಂಡು ಬರ್ರಿ!"

ಸೀರೆ ಬದಲಿಸಿ, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಪಡಸಾಲೆಗೆ ಬಂದೆ. ನೆಲ, ಗೋಡೆ, ದೇವರ ಫೋಟೋ ಎಲ್ಲ ಕೆಂಪು. ಬಲೆಯಲ್ಲಿ ತಲೆಕೆಳಗಾದ ಎರಡು ಡಬ್ಬಿ. ತಾಯಿ, ಮಗ, ಟಗರು ಮೂವರೂ ನನ್ನನ್ನೇ ನೋಡಿದರು.

"ಈಗ ಇದನ್ನೆಲ್ಲಾ ಬಳಿಯೋದು ಹೆಂಗ?" ಉಮೇಶ ಪೆನ್ನು ಚಾಚಿದ. "ಒಂದ ಚೀಟಿ ಬರದು ಕೊಡು."

ಪೆನ್ನು ಇಸಿದುಕೊಂಡೆ. ಚೀಲಕ್ಕೆ ಹಾಕಿಕೊಂಡು ಹೊರಬಾಗಿಲು ದಾಟಿದೆ. ಹೇಗೂ ತೆರೆದೇ ಇತ್ತಲ್ಲ!

ಸ್ಕೂಟಿಯ ಚಾವಿ ಒಳಗೆ ಮೊಳೆಗೆ ತೂಗುತ್ತಿದ್ದದ್ದು ಅಂಗಳದಲ್ಲಿ ನೆನಪಾಯಿತು. ಇರಲಿ, ನನ್ನ ಆ್ಯಪ್ ಇದೆ! ಫೋನ್ ತೆಗೆದೆ: ಗೋಕಾಕ ಬಸ್ಸು, ಕಲ್ಲೋಳಿ ನಿಲ್ದಾಣ, ನಿಂತಿದೆ. ಓಡಿದೆ. ನಿಲ್ದಾಣದಲ್ಲಿ ಬಸ್ಸಿರಲಿಲ್ಲ. ಇರುವುದಾದರೂ ಹೇಗೆ? ಅದು ಪರೀಕ್ಷಾ ಸರ್ವರ್. ಆ ಬಸ್ಸನ್ನು ಪ್ರಯೋಗಕ್ಕೆಂದು ಹುಟ್ಟಿಸಿ ಅಲ್ಲಿ ನಿಲ್ಲಿಸಿದವಳು ನಾನೇ!

ಫೋನ್ ರಿಂಗಾಯಿತು. ಉಮೇಶ.

"ಕಸಬರಿಗಿ ಎಲ್ಲಿಟ್ಟಿದ್ದಿ?"

ಹಿಂದಿರುಗಿ ನೋಡಿದೆ. ಮನೆ ನೂರು ಹೆಜ್ಜೆ. ಚಾವಿ ತೆಗೆದುಕೊಂಡು ಬಂದರೆ ಅರ್ಧ ಗಂಟೆಯಲ್ಲಿ ಗೋಕಾಕ. ಆದರೆ ಆ ಮನೆಯಲ್ಲಿ ಚಾವಿಗಿಂತ ಮೊದಲು ಕಸಬರಿಗೆ ಕೈಗೆ ಬರುತ್ತದೆ.

"ಹುಡುಕ್ರಿ" ಎಂದು ಫೋನನ್ನು ಚೀಲಕ್ಕೆ ಹಾಕಿದೆ. ನನ್ನ ಹುಸಿ ಬಸ್ಸು ನಿಂತಿದ್ದ ಜಾಗದಲ್ಲೇ ನಿಂತು, ಖರೇ ಬಸ್ಸಿಗೆ ಕಾಯತೊಡಗಿದೆ.